ನಂದಿ ಬೆಟ್ಟ ನೋಡಿದವರು ಚಿಕ್ಕಬಳ್ಳಾಪುರ ನೋಡುವುದಿಲ್ಲ, ಯಾಕೆ?

[ದೃಶ್ಯ: ಭಾನುವಾರ ಬೆಳಗಿನ ಜಾವ, ಬೆಟ್ಟದ ಗೇಟಿನ ಮುಂದೆ ಬೈಕುಗಳ ಸಾಲು]

ನಮಸ್ಕಾರ. ಬೆಂಗಳೂರಿನವರಿಗೆ ಚಿಕ್ಕಬಳ್ಳಾಪುರ ಎಂದರೆ ನಂದಿ ಬೆಟ್ಟ, ಅಲ್ವಾ? ಮೋಡ ನೋಡಿ, ಫೋಟೋ ಹೊಡೆದು, ತಿಂಡಿ ಹೊತ್ತಿಗೆ ವಾಪಸ್. ಇದು ಬರೀ ರೀಲ್ಸ್ ಕಲಿಸಿದ ಚಾಳಿಯಲ್ಲ. ಇದರ ಹಿಂದೆ ಹಳೆಯ ಗೈಡ್ ಪುಸ್ತಕಗಳ ಕಣ್ಣೂ ಇದೆ.

ಲಂಡನ್ನಿನ ಜಾನ್ ಮರ್ರೆ ಪ್ರಕಾಶನ 1836ರಲ್ಲಿ ಯುರೋಪ್ ಪ್ರವಾಸಕ್ಕೆ ಕೈಪಿಡಿ ತಂದಿತು. ಜರ್ಮನಿಯ ಬೇಡೆಕರ್ ಗೈಡುಗಳು ನೋಡಲೇಬೇಕಾದ ಜಾಗಕ್ಕೆ ನಕ್ಷತ್ರದ ಗುರುತು ಹಾಕತೊಡಗಿದವು. ನಕ್ಷತ್ರ ಇಲ್ಲದ ಕಡೆ ಯಾರು ಇಳಿಯುತ್ತಾರೆ ಹೇಳಿ! 1859ರಲ್ಲಿ ಮರ್ರೆಯವರ ಮದ್ರಾಸ್, ಬಾಂಬೆ ಕೈಪಿಡಿಗಳೂ ಬಂದವು.

ಇವು ನಾಡನ್ನು ದಾರಿಗಳಾಗಿ ವಿಂಗಡಿಸಿದ್ದವು. ಎಲ್ಲಿಂದ ಎಲ್ಲಿಗೆ ಎಷ್ಟು ಮೈಲಿ, ತಂಗಲು ಬಂಗಲೆ ಇದೆಯೇ, ನಡುವೆ ನೋಡುವಂಥದ್ದು ಏನಿದೆ. ದಾರಿಯಲ್ಲಿ ಬೀಳದ ಊರು ಪುಸ್ತಕದಲ್ಲೂ ಬೀಳುವುದು ಕಷ್ಟ. ಇನ್ನು ಓದುವವರು? ಹೆಚ್ಚಾಗಿ ಇಂಗ್ಲಿಷ್ ಅಧಿಕಾರಿಗಳು, ಅವರ ಸಂಸಾರ. ಅವರಿಗೆ ತಂಪು ಗಾಳಿ ಬೇಕು, ತಮ್ಮವರು ಗೆದ್ದ ಕೋಟೆ ಬೇಕು.

[ದೃಶ್ಯ: ನಂದಿದುರ್ಗದ ಕೋಟೆ ಗೋಡೆ]

ನಂದಿಯಲ್ಲಿ ಎರಡೂ ಇದ್ದವು. ಎತ್ತರ 4,851 ಅಡಿ. 1791ರ ಅಕ್ಟೋಬರಿನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನಿಂದ ಕಿತ್ತುಕೊಂಡ ಕೋಟೆ. ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆಗೆಂದು ಬೆಟ್ಟದ ಮೇಲೆ ಬಂಗಲೆಯನ್ನೇ ಕಟ್ಟಿಸಿಕೊಂಡಿದ್ದರು. ಸಾಲದ್ದಕ್ಕೆ, ಕೈದಿಗಳನ್ನು ಬಂಡೆಯಿಂದ ತಳ್ಳುತ್ತಿದ್ದರು ಎಂಬ ಟಿಪ್ಪು ಡ್ರಾಪ್ ಕಥೆ ಬೇರೆ. ಪ್ರವಾಸಿಗೆ ಇನ್ನೇನು ಬೇಕು?

ಬೆಟ್ಟದ ಬುಡದಲ್ಲೇ ನಂದಿ ಗ್ರಾಮದ ಭೋಗನಂದೀಶ್ವರ ಗುಡಿ ಇದೆ. ಮೂಲ 9ನೇ ಶತಮಾನದ್ದು. ನೊಳಂಬರಿಂದ ಹಿಡಿದು ಚೋಳರು, ಹೊಯ್ಸಳರು, ವಿಜಯನಗರದವರ ತನಕ ಎಲ್ಲರೂ ಕೈಯಾಡಿಸಿದ್ದಾರೆ. ಒಂದೇ ಅಂಗಳದಲ್ಲಿ ಇಷ್ಟು ಕಾಲದ ಕಲ್ಲುಕೆಲಸ ಸಿಗುವುದು ಅಪರೂಪ. ನನ್ನನ್ನು ಕೇಳಿದರೆ ಸೂರ್ಯೋದಯಕ್ಕಿಂತ ಇದಕ್ಕೇ ಜಾಸ್ತಿ ಹೊತ್ತು ಕೊಡಬೇಕು.

ಶಿವರಾತ್ರಿ ತೇರಿಗೆ ಬರುವ ಸುತ್ತಲಿನ ಹಳ್ಳಿಗಳ ಜನಕ್ಕೆ ಯಾವ ಕೈಪಿಡಿಯೂ ಬೇಕಿರಲಿಲ್ಲ. ಅವರಿಗೆ ಗುಡಿಯೇ ನಂದಿ, ಬೆಟ್ಟದ ಬಂಗಲೆ ಯಾರದೋ. ಹಾಗಂತ ಸ್ಥಳಪುರಾಣವೂ ಎಲ್ಲವನ್ನೂ ತೋರಿಸುವುದಿಲ್ಲ. ಅದಕ್ಕೆ ಗುಡಿ, ತೀರ್ಥ ಮುಖ್ಯ. ಕೋಟೆ ಕಾದಾಟ ಅಲ್ಲ.

[ದೃಶ್ಯ: ಶೃಂಗಿ ತೀರ್ಥದ ಮೆಟ್ಟಿಲುಗಳು]

ಬೆಟ್ಟ ಇಳಿದ ಮೇಲೆ ಸೀದಾ ಹೈವೇ ಹಿಡಿಯಬೇಡಿ. ಗುಡಿಯ ಕಲ್ಯಾಣಿ, ಈ ಶೃಂಗಿ ತೀರ್ಥ ನೋಡಿ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯೂ ಹತ್ತಿರದಲ್ಲೇ ಇದೆ. ಹೊತ್ತಿದ್ದರೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ, ಹರಾಜು ನಡೆಯುವಾಗ.