ಕಾಲುಬಾಯಿ ಜ್ವರ: ಮೊದಲ ದಿನವೇ ಹೇಳುವಂತಾಗಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ದನಗಳ ಕಾಲುಬಾಯಿ ಜ್ವರದ ಬಗ್ಗೆ ಮಾತಾಡೋಣ. ಲಸಿಕೆ ಹಾಕಿಸಿ ಅನ್ನುವ ಮಾತನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ನಾನೂ ಅದನ್ನೇ ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಕೊಟ್ಟಿಗೆಯಲ್ಲಿ ಒಂದು ಹಸು ಜೊಲ್ಲು ಸುರಿಸಲು ಶುರು ಮಾಡಿದಾಗ ರೈತ ಅವತ್ತೇ ಯಾಕೆ ಹೇಳುವುದಿಲ್ಲ?

ಹಳೇ ಮೈಸೂರು ಕಡೆಯವರಿಗೆ 2013 ಚೆನ್ನಾಗಿ ನೆನಪಿರುತ್ತದೆ. ಆ ವರ್ಷ ಈ ಜ್ವರ ಊರಿಂದೂರಿಗೆ ಹಬ್ಬಿ ಸಾವಿರಾರು ದನ ಸತ್ತವು. ಸೀಮೆಹಸು ಸಾಲ ಮಾಡಿ ತಂದಿದ್ದ ಮನೆಗಳಿಗೆ ದೊಡ್ಡ ಪೆಟ್ಟು ಬಿತ್ತು. ಹಸು ಹೋಯಿತು, ಸಾಲ ಉಳಿಯಿತು.

ಈ ರೋಗದಲ್ಲಿ ದೊಡ್ಡ ದನಗಳು ಸಾಮಾನ್ಯವಾಗಿ ಬದುಕುತ್ತವೆ ಅನ್ನುತ್ತಾರೆ. ನಿಜ. ಆದರೆ ಬದುಕಿದ್ದರ ಪಾಡು ನೋಡಬೇಕು. ನಾಲಿಗೆ, ಒಸಡಿನ ಮೇಲೆ ಗುಳ್ಳೆ ಎದ್ದು ಒಡೆಯುತ್ತವೆ. ಮುಂದೆ ಹಸಿ ಮೇವು ಇದ್ದರೂ ತಿನ್ನಲಾಗದೆ ನಿಂತಿರುತ್ತದೆ. ಗೊರಸಿನ ಸಂದಿಯಲ್ಲಿ ಹುಣ್ಣಾಗಿ, ಅದರಲ್ಲಿ ಹುಳ ಬೀಳುತ್ತದೆ. ಕೆಲವಕ್ಕೆ ಗೊರಸೇ ಕಳಚುತ್ತದೆ. ಎಳೆಗರುಗಳಲ್ಲಿ ರೋಗ ಹೃದಯಕ್ಕೆ ಇಳಿಯುತ್ತದೆ. ಬೆಳಿಗ್ಗೆ ಹಾಲು ಕುಡಿದ ಕರು ಸಂಜೆಗೆ ಇರುವುದಿಲ್ಲ. ವಾಸಿಯಾದ ಮೇಲೂ ಕೆಲವು ಹಸುಗಳು ಬಿಸಿಲಿಗೆ ಏದುಸಿರು ಬಿಡುತ್ತವೆ, ಮೊದಲಿನಷ್ಟು ಹಾಲು ಕೊಡುವುದಿಲ್ಲ. ಪ್ರಾಣಿದಯೆ ಅಂದರೆ ಬರೀ ಹೊಡೆಯದೆ ಇರುವುದು ಅಂತ ನಾವು ತಿಳಿಯುತ್ತೇವೆ. ತಡೆಯಬಹುದಾದ ಇಂಥ ನೋವನ್ನು ತಡೆಯುವುದೂ ದಯೆಯೇ ಅಲ್ವಾ?

ಈಗ ರೈತನ ಜಾಗದಲ್ಲಿ ನಿಂತು ಯೋಚನೆ ಮಾಡಿ. ರೋಗ ಇದೆ ಅಂತ ಗೊತ್ತಾದರೆ ಡೈರಿಯಲ್ಲಿ ಹಾಲು ಬೇಡ ಅನ್ನಬಹುದು. ಅಕ್ಕಪಕ್ಕದವರು ನಿನ್ನಿಂದಲೇ ಬಂತು ಅನ್ನಬಹುದು. ಮಾರಬೇಕೆಂದಿದ್ದ ಎತ್ತಿಗೆ ಬೆಲೆಯೇ ಸಿಗದಿರಬಹುದು. ಹಾಗಾಗಿ ಕೆಲವರು ಸುಮ್ಮನಿರುತ್ತಾರೆ. ಇನ್ನು ಕೆಲವರು ರೋಗ ಪೂರ್ತಿ ಕಾಣಿಸಿಕೊಳ್ಳುವ ಮೊದಲೇ ಸಂತೆಗೆ ಹೊಡೆದುಕೊಂಡು ಹೋಗುತ್ತಾರೆ. ಗುಳ್ಳೆ ಕಾಣುವ ಮೊದಲೇ ಉಸಿರು, ಜೊಲ್ಲು, ಹಾಲಿನಲ್ಲಿ ವೈರಸ್ ಇರುತ್ತದೆ. ಒಂದು ಸಂತೆ ಸಾಕು, ಹತ್ತಾರು ಊರಿಗೆ ರೋಗ ಹರಡಲು.

ಕಾನೂನು ಇದೆ. 2009ರಲ್ಲಿ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆ ಬಂತು. ಅದರ ಪ್ರಕಾರ ಇಂಥ ರೋಗದ ಅನುಮಾನ ಬಂದರೆ ಮಾಲೀಕ ಪಂಚಾಯಿತಿಗೆ ತಿಳಿಸಲೇಬೇಕು, ರೋಗದ ದನವನ್ನು ಬೇರೆ ಕಟ್ಟಲೇಬೇಕು. ಆದರೆ ಹೇಳಿದವನಿಗೆ ನಷ್ಟ, ಬಚ್ಚಿಟ್ಟವನಿಗೆ ಲಾಭ ಅನ್ನುವ ಹಾಗಿದ್ದರೆ ಕಾನೂನು ಕಾಗದದಲ್ಲೇ ಉಳಿಯುತ್ತದೆ. ಇದು ನನ್ನ ಖಚಿತ ಅಭಿಪ್ರಾಯ.

2022ರಲ್ಲಿ ಚರ್ಮಗಂಟು ರೋಗ ಬಂದಾಗ ನಮ್ಮ ಸರ್ಕಾರ ಪರಿಹಾರ ಕೊಟ್ಟಿತು. ಸತ್ತ ಹಸುವಿಗೆ 20,000 ರೂಪಾಯಿ, ಎತ್ತಿಗೆ 30,000, ಕರುವಿಗೆ 5,000. ಒಳ್ಳೆಯ ಸೀಮೆಹಸುವಿನ ಬೆಲೆಗೆ ಇದು ಸಾಲದು. ಆದರೂ ಒಳ್ಳೆಯ ಹೆಜ್ಜೆ. ಆದರೆ ಈ ದುಡ್ಡು ದನ ಸತ್ತ ಮೇಲೆ ಬರುವಂಥದ್ದು. ಕಾಲುಬಾಯಿ ಜ್ವರದಲ್ಲಿ ನಷ್ಟ ಆಗುವುದು ಹೆಚ್ಚಾಗಿ ಹಾಲಿನಲ್ಲಿ, ದುಡಿಮೆಯಲ್ಲಿ. ಬೇಗ ಹೇಳಿ, ದನವನ್ನು ಬೇರೆ ಕಟ್ಟಿ, ಹಾಲು ಹಾಕುವುದನ್ನು ನಿಲ್ಲಿಸಿದ ರೈತನಿಗೆ ಅಷ್ಟು ದಿನದ ಹಾಲಿನ ದುಡ್ಡಿನಲ್ಲಿ ಒಂದು ಪಾಲು ಸಿಗಬೇಕು. ಹಾಗಾದರೆ ಅವನು ಮೊದಲ ದಿನವೇ ಬಾಯಿ ಬಿಡುತ್ತಾನೆ.

2001ರಲ್ಲಿ ಬ್ರಿಟನ್ನಿನಲ್ಲಿ ಇದೇ ರೋಗ ಬಂದಾಗ ಅದನ್ನು ನಿಲ್ಲಿಸಲು ಅವರು 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ನಮ್ಮಲ್ಲಿ ಆ ದಾರಿ ಆಗದು, ಬೇಕಾಗಿಯೂ ಇಲ್ಲ. ನಮ್ಮ ಕೈಲಿರುವುದು ಲಸಿಕೆ ಮತ್ತು ಬೇಗ ಸಿಗುವ ಸುದ್ದಿ.

ಲಸಿಕೆಗೆ ಬರೋಣ. 2019ರಲ್ಲಿ ಕೇಂದ್ರ ಸರ್ಕಾರ 13,343 ಕೋಟಿ ರೂಪಾಯಿಯ ಕಾರ್ಯಕ್ರಮ ಶುರು ಮಾಡಿತು. ಕಾಲುಬಾಯಿ ಜ್ವರ ಮತ್ತು ಕಂದು ರೋಗವನ್ನು, ಅಂದರೆ ಗಬ್ಬ ಹೋಗುವ ಬ್ರುಸೆಲ್ಲಾ ರೋಗವನ್ನು, 2030ರ ಹೊತ್ತಿಗೆ ಇಲ್ಲವಾಗಿಸುವ ಗುರಿ. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ಬಂದು ಉಚಿತವಾಗಿ ಲಸಿಕೆ ಹಾಕುತ್ತಾರೆ. 12 ಅಂಕಿಯ ಕಿವಿಯೋಲೆಯಿಂದ ಇದರ ಲೆಕ್ಕವನ್ನೂ ಇಡುತ್ತಾರೆ.

ಆದರೂ ಕೆಲವು ದನ ಬಿಟ್ಟುಹೋಗುತ್ತವೆ. ಹಾಲು ಕಡಿಮೆ ಆಗುತ್ತದೆ ಅಂತ ಕರೆಯುವ ಹಸುವನ್ನು ಹಿಂದೆ ಕಟ್ಟುತ್ತಾರೆ. ಆಗುವುದಾದರೂ ಒಂದೆರಡು ದಿನ, ಸ್ವಲ್ಪ ಅಷ್ಟೆ. ಎತ್ತು, ಗೊಡ್ಡು ಹಸು, ಕಡಸು ಯಾರ ಲೆಕ್ಕಕ್ಕೂ ಬರುವುದಿಲ್ಲ. ಇನ್ನು ಕರುಗಳು. ನಾಲ್ಕು ತಿಂಗಳು ತುಂಬಿದ ಮೇಲೆ ಮೊದಲ ಲಸಿಕೆ, ಒಂದು ತಿಂಗಳು ಬಿಟ್ಟು ಇನ್ನೊಂದು. ಲಸಿಕೆಯವರು ಬಂದ ದಿನ ಕರುವಿಗೆ ಮೂರೂವರೆ ತಿಂಗಳಾಗಿದ್ದರೆ ಮುಂದಿನ ಸುತ್ತಿನವರೆಗೆ ಅದಕ್ಕೆ ರಕ್ಷಣೆಯೇ ಇಲ್ಲ. ಸುತ್ತು ಮುಗಿದ ಮೇಲೂ ಕರುಗಳಿಗಾಗಿ ತಿಂಗಳಿಗೊಂದು ಲಸಿಕೆ ದಿನವನ್ನು ಪಶು ಆಸ್ಪತ್ರೆಯಲ್ಲಿ ಇಡಬೇಕು. ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಮಟಮಟ ಮಧ್ಯಾಹ್ನ ಬೈಕಿನಲ್ಲಿ ಊರೂರು ಸುತ್ತುವ ಸಿಬ್ಬಂದಿಗೆ ಒಳ್ಳೆಯ ಐಸ್ ಪೆಟ್ಟಿಗೆ, ಜೊತೆಗೊಬ್ಬ ಸಹಾಯಕ ಬೇಕು. ದನ ಹಿಡಿದುಕೊಳ್ಳಲು ಮನೆಯವರೂ ಆ ಹೊತ್ತಿಗೆ ಇರಬೇಕು.

ರೋಗ ಬಂದೇ ಬಿಟ್ಟರೆ ದನವನ್ನು ಬೇರೆ ಕಟ್ಟಿ. ಅದರ ಮೇವು, ನೀರಿನ ಬಕೆಟ್ಟು ಬೇರೆ ಇರಲಿ. ಅದನ್ನು ನೋಡಿಕೊಳ್ಳುವವರು ಕೈಕಾಲು ತೊಳೆಯದೆ ಬೇರೆ ದನ ಮುಟ್ಟಬಾರದು. ತೆಳು ರಾಗಿ ಗಂಜಿ, ಮೆತ್ತನೆಯ ಹುಲ್ಲು ಕೊಡಿ. ಕೊಟ್ಟಿಗೆ ನೆಲಕ್ಕೆ ನೂರು ಲೀಟರ್ ನೀರಿಗೆ ನಾಲ್ಕು ಕಿಲೋ ಲೆಕ್ಕದಲ್ಲಿ ವಾಷಿಂಗ್ ಸೋಡಾ ಕದಡಿ ಹಾಕಿ. ಸಂತೆಯ ಕಡೆ ಮಾತ್ರ ಹೋಗಬೇಡಿ. ಪಶು ವೈದ್ಯರಿಗೆ ಅವತ್ತೇ ತಿಳಿಸಿ. ಅವರು ಸಿಗದಿದ್ದರೆ 1962ಕ್ಕೆ ಫೋನ್ ಮಾಡಿ. ಸಂಚಾರಿ ಪಶು ಚಿಕಿತ್ಸಾ ವಾಹನದ ನಂಬರ್ ಅದು, ಕರೆಗೆ ದುಡ್ಡಿಲ್ಲ.

ನಮಸ್ಕಾರ.