ಯಾರೋ ಬರೆದ ಕೋಡ್, ನಮ್ಮ ಜವಾಬ್ದಾರಿ

ಕೇಳುಗರಿಗೆ ನಮಸ್ಕಾರ.

2016ರ ಮಾರ್ಚ್ 22. ಆ ದಿನ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲಸ ಮಾಡುವ ಎಷ್ಟೋ ಜನರ ಬಿಲ್ಡ್‌ಗಳು, ಅಂದರೆ ಕೋಡನ್ನು ಓಡುವ ಪ್ರೋಗ್ರಾಮಾಗಿ ಸಿದ್ಧಪಡಿಸುವ ಕೆಲಸಗಳು, ಇದ್ದಕ್ಕಿದ್ದ ಹಾಗೆ ನಿಂತುಹೋದವು. ತಮ್ಮ ಕೋಡನ್ನು ಅವರು ಮುಟ್ಟಿಯೂ ಇರಲಿಲ್ಲ. ಹುಡುಕಿ ನೋಡಿದರೆ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜ್, ಅಂದರೆ ಯಾರೋ ಬರೆದು ಎಲ್ಲರೂ ಬಳಸಲಿ ಅಂತ ಇಟ್ಟ ಕೋಡ್, ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳನ್ನು ಇಡುವ ಎನ್‌ಪಿಎಂ ಭಂಡಾರದಿಂದ ಮಾಯವಾಗಿತ್ತು. ಅದರ ಕೆಲಸ ಇಷ್ಟೇ: ಒಂದು ಪದದ ಎಡಗಡೆಗೆ ಬೇಕಾದಷ್ಟು ಖಾಲಿ ಜಾಗವನ್ನೋ ಸೊನ್ನೆಯನ್ನೋ ಸೇರಿಸುವುದು. ಬರೆದವರಿಗೂ ಭಂಡಾರದವರಿಗೂ ಬೇರೊಂದು ಪ್ಯಾಕೇಜ್‌ನ ಹೆಸರಿನ ವಿಚಾರಕ್ಕೆ ಮನಸ್ತಾಪವಾಗಿ, ಅವರು ತಮ್ಮದನ್ನೆಲ್ಲ ವಾಪಸ್ ತೆಗೆದುಕೊಂಡಿದ್ದರು. ಹೊಸ ಜಾವಾಸ್ಕ್ರಿಪ್ಟನ್ನು ಹಳೆಯ ಬ್ರೌಸರ್‌ಗಳಿಗೂ ಅರ್ಥವಾಗುವಂತೆ ಬದಲಾಯಿಸುವ ಬೇಬಲ್‌ನಂಥ ದೊಡ್ಡ ಸಾಧನ ಕೂಡ ಒಳಗೊಳಗೇ ಅದನ್ನು ನೆಚ್ಚಿಕೊಂಡಿತ್ತು. ಬೇಬಲ್ ಬಳಸುತ್ತಿದ್ದ ಎಷ್ಟೋ ಜನರಿಗೆ ಅಂಥದ್ದೊಂದು ತಮ್ಮ ಪ್ರಾಜೆಕ್ಟ್‌ನಲ್ಲಿ ಇದೆ ಅಂತಲೇ ಗೊತ್ತಿರಲಿಲ್ಲ.

ಈ ಗೊತ್ತಿಲ್ಲದಿರುವುದು ಇದೆಯಲ್ಲ, ಅದರ ಬಗ್ಗೆಯೇ ಇವತ್ತು ಮಾತಾಡುತ್ತೇನೆ.

ನಾವು ಒಂದು ಪ್ಯಾಕೇಜ್ ಹಾಕಿಕೊಳ್ಳುತ್ತೇವೆ. ಅದು ತನಗೆ ಬೇಕಾದ ಹತ್ತನ್ನು ತರುತ್ತದೆ. ಆ ಹತ್ತು ತಮ್ಮ ಬಳಗವನ್ನೆಲ್ಲ ಕರೆತರುತ್ತವೆ. ನಾವು ಟೈಪ್ ಮಾಡಿದ್ದು ಒಂದೇ ಹೆಸರು, ಬಂದು ಕೂತಿದ್ದು ನೂರಾರು. ಇದು ತಪ್ಪು ಅಂತ ನಾನು ಹೇಳುತ್ತಿಲ್ಲ. ಗೂಢಲಿಪಿಯ ಕೋಡ್, ಟೈಮ್‌ಝೋನ್ ಲೆಕ್ಕ, ಡೇಟಾಬೇಸ್ ಸಂಪರ್ಕ, ಇಂಥವನ್ನೆಲ್ಲ ನಾವೇ ಬರೆಯಲು ಹೊರಟರೆ ತಪ್ಪುಗಳು ಜಾಸ್ತಿಯಾಗುತ್ತವೆ. ಆದರೆ ಹತ್ತು ಸಾಲಿನಲ್ಲಿ ಮುಗಿಯುವ ಕೆಲಸಕ್ಕೂ ಸುಮ್ನೆ ಒಂದು ಪ್ಯಾಕೇಜ್ ಎಳೆದುಕೊಳ್ಳುವುದು ಬೇಡ. ಹಾಕಿಕೊಳ್ಳುವ ಮೊದಲು ಒಂದು ಐದು ನಿಮಿಷ ನೋಡಿ: ಕೊನೆಯ ಬಿಡುಗಡೆ ಯಾವಾಗ ಆಯಿತು, ಜನ ಹೇಳಿದ ದೋಷಗಳಿಗೆ ಯಾರಾದರೂ ಉತ್ತರ ಕೊಡುತ್ತಿದ್ದಾರಾ, ಲೈಸೆನ್ಸ್ ಯಾವುದು, ಅದು ತನ್ನ ಜೊತೆ ಎಷ್ಟನ್ನು ತರುತ್ತದೆ. ಹೆಸರಿನ ಅಕ್ಷರಗಳನ್ನೂ ಒಂದೊಂದಾಗಿ ನೋಡಿ. ಜನಪ್ರಿಯ ಹೆಸರಿನಲ್ಲಿ ಒಂದಕ್ಷರ ಆಚೀಚೆ ಮಾಡಿ ಕಳ್ಳ ಪ್ಯಾಕೇಜ್ ಇಟ್ಟು ಕಾಯುವವರು ಇದ್ದಾರೆ.

ಇನ್ನು ಲಾಕ್ ಫೈಲ್, ಅಂದರೆ ಯಾವ ಪ್ಯಾಕೇಜ್‌ನ ಯಾವ ಆವೃತ್ತಿ ಬಂದಿದೆ ಅಂತ ಬರೆದಿಡುವ ಫೈಲ್. ಇದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿ ಹೇಳುವುದಿದೆ, ಯಾಕೆಂದರೆ ಇದು ಇಲ್ಲದೆ ನಾನು ಪೆಟ್ಟು ತಿಂದಿದ್ದೇನೆ.

ಆರು ತಿಂಗಳಿಂದ ಚೆನ್ನಾಗಿ ಓಡುತ್ತಿದ್ದ ನನ್ನದೊಂದು ಪ್ರೋಗ್ರಾಮನ್ನು ಹೊಸ ಸರ್ವರ್‌ಗೆ ಹಾಕಿದೆ. ಅದೇ ಕೋಡ್, ಅದೇ ಸೆಟ್ಟಿಂಗ್. ಎರರ್ ಏನೂ ಬರಲಿಲ್ಲ. ಎರಡು ದಿನ ಕಳೆದ ಮೇಲೆ ಗೊತ್ತಾಯಿತು, ದಿನಾಂಕಗಳಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗಿ ದಾಖಲಾಗುತ್ತಿವೆ ಅಂತ. ನಾನು ಬಳಸುತ್ತಿದ್ದ ಲೈಬ್ರರಿ ನೆಚ್ಚಿಕೊಂಡಿದ್ದ ಇನ್ನೊಂದು ಲೈಬ್ರರಿಯ ಹೊಸ ಆವೃತ್ತಿ ಬಂದಿತ್ತು, ಹೊಸ ಸರ್ವರ್ ಅದನ್ನೇ ತಂದುಕೊಂಡಿತ್ತು. ರಾತ್ರಿಯಿಡೀ ಕೂತು ಒಂದೊಂದೇ ದಾಖಲೆ ತಿದ್ದಿದೆ.

ಯಾಕೆ ಹೀಗಾಯಿತು? ಆವೃತ್ತಿಯ ಸಂಖ್ಯೆಯಲ್ಲಿ ಸಾಮಾನ್ಯವಾಗಿ ಮೂರು ಭಾಗ ಇರುತ್ತವೆ. ಮೊದಲನೆಯದು ಬದಲಾದರೆ ಹಳೆಯದಕ್ಕೆ ಹೊಂದದ ಬದಲಾವಣೆ, ಎರಡನೆಯದು ಬದಲಾದರೆ ಹೊಸ ಸೌಲಭ್ಯ, ಮೂರನೆಯದು ಬದಲಾದರೆ ಬರೀ ರಿಪೇರಿ. ಎನ್‌ಪಿಎಂನಲ್ಲಿ 1.4.2ರ ಹಿಂದೆ ಕ್ಯಾರೆಟ್ ಗುರುತು (^) ಇದ್ದರೆ, 2.0.0ಕ್ಕಿಂತ ಕೆಳಗಿನ ಯಾವ ಹೊಸ ಆವೃತ್ತಿ ಬಂದರೂ ನಡೆಯುತ್ತದೆ ಅಂತ ಅರ್ಥ. ಆದರೆ ಈ ಸಂಖ್ಯೆ ಹಾಕುವುದು ಒಬ್ಬ ಮನುಷ್ಯ. ಅವರು ಬರೀ ರಿಪೇರಿ ಅಂದುಕೊಂಡದ್ದು ನಮ್ಮ ಪ್ರೋಗ್ರಾಮನ್ನು ಮುರಿಯಬಹುದು. ಲಾಕ್ ಫೈಲ್ ಇದ್ದರೆ ಪರೀಕ್ಷೆ ಮಾಡಿದ ದಿನ ಯಾವ ಆವೃತ್ತಿ ಇತ್ತೋ ಅದೇ ಎಲ್ಲ ಕಡೆಗೂ ಬರುತ್ತದೆ, ಮಕ್ಕಳು ಮೊಮ್ಮಕ್ಕಳ ಸಮೇತ. ಪ್ಯಾಕೇಜ್‌ನ ಫೈಲಿನ ಒಳಗೆ ಒಂದೇ ಒಂದು ಬೈಟ್ ಬದಲಾಗಿದ್ದರೂ ಹಿಡಿಯಲು ಹ್ಯಾಶ್, ಅಂದರೆ ಫೈಲಿನಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಗುರುತು, ಕೂಡ ಲಾಕ್ ಫೈಲಿನಲ್ಲಿ ಇರುತ್ತದೆ.

ಆದ್ದರಿಂದ ಲಾಕ್ ಫೈಲನ್ನು, ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ಗೆ ಸೇರಿಸಿ. ಅದನ್ನು ಇಗ್ನೋರ್ ಪಟ್ಟಿಗೆ ಹಾಕುವವರನ್ನು ಈಗಲೂ ನೋಡುತ್ತೇನೆ, ದಯವಿಟ್ಟು ಬೇಡ. ಏನೋ ಕೆಲಸ ಮಾಡುತ್ತಿಲ್ಲ ಅಂದ ಕೂಡಲೇ ಅದನ್ನು ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುವ ಅಭ್ಯಾಸವೂ ಬೇಡ, ಹಾಗೆ ಮಾಡಿದಾಗ ನೂರು ಆವೃತ್ತಿಗಳು ಒಟ್ಟಿಗೆ ಬದಲಾಗಿ ಯಾವುದರಿಂದ ಏನಾಯಿತು ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ಸರ್ವರ್‌ನಲ್ಲಿ ಎನ್‌ಪಿಎಂ ಇನ್‌ಸ್ಟಾಲ್ ಆಜ್ಞೆಯ ಬದಲು, ಲಾಕ್ ಫೈಲ್‌ನಲ್ಲಿ ಇದ್ದದ್ದನ್ನೇ ಹಾಕುವ ಎನ್‌ಪಿಎಂ ಸಿಐ ಆಜ್ಞೆ ಬಳಸಿ. ಲಾಕ್ ಫೈಲ್‌ಗೂ ಪ್ಯಾಕೇಜ್ ಪಟ್ಟಿಗೂ ಹೊಂದದಿದ್ದರೆ ಅದು ಅಲ್ಲೇ ನಿಂತುಬಿಡುತ್ತದೆ. ನಿಲ್ಲುವುದೇ ಒಳ್ಳೆಯದು.

ಲಿನಕ್ಸ್ ಬಳಸುವವರಿಗೆ ಒಂದು ಮಾತು. ಸೂಡೋ ಹಾಕಿ, ಅಂದರೆ ಸಿಸ್ಟಮ್‌ನ ಪೂರ್ತಿ ಅಧಿಕಾರ ತೆಗೆದುಕೊಂಡು, ಪೈಥಾನ್ ಭಾಷೆಯ ಪ್ಯಾಕೇಜ್‌ಗಳನ್ನು ತರುವ ಪಿಪ್‌ನಿಂದ ಪ್ಯಾಕೇಜ್ ಸೇರಿಸಬೇಡಿ. ಸಿಸ್ಟಮ್‌ನ ಎಷ್ಟೋ ಸಾಧನಗಳು ಅದೇ ಪೈಥಾನ್ ಮೇಲೆ ನಿಂತಿರುತ್ತವೆ, ಅದರ ಲೈಬ್ರರಿ ಬದಲಾಯಿಸಿದರೆ ಅವೂ ಕೆಡುತ್ತವೆ. ಇದಕ್ಕೇ 2023ರಲ್ಲಿ ಬಂದ ಡೆಬಿಯನ್ 12 ಎಂಬ ಲಿನಕ್ಸ್‌ನಿಂದ ಹಿಡಿದು ಪಿಪ್ ಅಲ್ಲಿ ಸಿಸ್ಟಮ್ ಪೈಥಾನ್ ಮುಟ್ಟಲು ಒಪ್ಪುವುದಿಲ್ಲ. ಜನ ಏನು ಮಾಡುತ್ತಾರೆ ಅಂದರೆ ಎಲ್ಲಿಂದಲೋ ಬ್ರೇಕ್ ಸಿಸ್ಟಮ್ ಪ್ಯಾಕೇಜಸ್, ಅಂದರೆ ಸಿಸ್ಟಮ್ ಪ್ಯಾಕೇಜ್‌ಗಳನ್ನು ಮುರಿ, ಎಂಬ ಆಯ್ಕೆ ಹುಡುಕಿ ಅಂಟಿಸುತ್ತಾರೆ. ಏನಾಗುತ್ತದೆ ಅಂತ ಆ ಹೆಸರೇ ಹೇಳುತ್ತಿದೆ ಅಲ್ವಾ? ಅದರ ಬದಲು ಒಂದೊಂದು ಪ್ರಾಜೆಕ್ಟ್‌ಗೂ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಅದರದ್ದೇ ಪ್ಯಾಕೇಜ್‌ಗಳು ಇರುವ ಬೇರೆ ಜಾಗ, ಮಾಡಿಕೊಳ್ಳಿ. ಅದಕ್ಕೆ ಒಂದೇ ಸಾಲು ಸಾಕು.

ಲಾಕ್ ಮಾಡಿದ ಮೇಲೆ ವರ್ಷಗಟ್ಟಲೆ ಅದನ್ನು ಹಾಗೇ ಬಿಡುವುದು ಇನ್ನೊಂದು ದೊಡ್ಡ ತಪ್ಪು. 2017ರ ಮಾರ್ಚ್‌ನಲ್ಲಿ ವೆಬ್ ಪ್ರೋಗ್ರಾಮ್‌ಗಳನ್ನು ಕಟ್ಟಲು ಬಳಸುವ ಅಪಾಚೆ ಸ್ಟ್ರಟ್ಸ್‌ನ ಒಂದು ದೋಷಕ್ಕೆ ರಿಪೇರಿ ಬಂತು. ಜನರ ಸಾಲದ ವಿವರ ಇಟ್ಟುಕೊಳ್ಳುವ ಅಮೆರಿಕದ ಇಕ್ವಿಫ್ಯಾಕ್ಸ್ ಕಂಪನಿಯ ಒಂದು ಸಿಸ್ಟಮ್‌ನಲ್ಲಿ ಅದನ್ನು ಹಾಕಿರಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ಆ ದಾರಿಯಿಂದಲೇ ಒಳಗೆ ಬಂದರು. 14 ಕೋಟಿಗೂ ಹೆಚ್ಚು ಜನರ ವಿವರ ಹೋಯಿತು. 2021ರ ಡಿಸೆಂಬರ್‌ನಲ್ಲಿ ಜಾವಾ ಪ್ರೋಗ್ರಾಮ್‌ಗಳು ಏನೇನು ನಡೆಯಿತು ಅಂತ ಬರೆದಿಡಲು ಬಳಸುವ ಲಾಗ್‌ಫೋರ್‌ಜೆ ಲೈಬ್ರರಿಯ ದೋಷ ಹೊರಬಂದಾಗ ಅದಕ್ಕೆ ಸಿಕ್ಕ ತೀವ್ರತೆಯ ಅಂಕ 10ಕ್ಕೆ 10. ಎಷ್ಟೋ ತಂಡಗಳಿಗೆ ರಿಪೇರಿ ಹಾಕುವುದಕ್ಕಿಂತ ಅದು ತಮ್ಮ ಹತ್ತಿರ ಎಲ್ಲೆಲ್ಲಿ ಇದೆ ಅಂತ ಹುಡುಕುವುದೇ ಕಷ್ಟವಾಯಿತು. ಜಾವಾ ಕೋಡನ್ನು ಕಟ್ಟಿಡುವ ಯಾವುದೋ ಜಾರ್ ಫೈಲಿನ ಒಳಗಿನ ಜಾರ್ ಫೈಲಿನಲ್ಲಿ ಅದು ಕೂತಿರುತ್ತಿತ್ತು.

ಹಾಗಂತ ಬಿಡುಗಡೆಯಾದ ಗಳಿಗೆಯಲ್ಲೇ ಹೊಸದನ್ನು ಎಳೆದುಕೊಳ್ಳುವುದೂ ಸರಿಯಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಚಾಕ್, ಡೀಬಗ್ ಮೊದಲಾದ ಬಹಳ ಜನಪ್ರಿಯ ಎನ್‌ಪಿಎಂ ಪ್ಯಾಕೇಜ್‌ಗಳ ನಿರ್ವಾಹಕರೊಬ್ಬರು ನಕಲಿ ಇಮೇಲ್‌ಗೆ ಮೋಸಹೋದರು. ಅವರ ಖಾತೆಯಿಂದ ಕ್ರಿಪ್ಟೊ ಹಣ ಕದಿಯುವ ಕೋಡ್ ಸೇರಿದ ಆವೃತ್ತಿಗಳು ಬಂದವು. ಕೆಲವೇ ಗಂಟೆಗಳಲ್ಲಿ ಸಿಕ್ಕಿಬಿದ್ದು ಅವನ್ನು ತೆಗೆದರು. ಒಂದೆರಡು ದಿನ ತಡೆದವರಿಗೆ ಏನೂ ಆಗಲಿಲ್ಲ. ನಾನು ಈಗ ಹೀಗೆ ಮಾಡುತ್ತೇನೆ: ಭದ್ರತೆಯ ರಿಪೇರಿ ಅಂದರೆ ಅದೇ ದಿನ, ಉಳಿದದ್ದಕ್ಕೆ ಒಂದು ವಾರ ಕಾಯುತ್ತೇನೆ. ಅಪ್‌ಡೇಟ್‌ಗಳನ್ನು ಗುಡ್ಡೆ ಹಾಕದೆ ಸ್ವಲ್ಪ ಸ್ವಲ್ಪವಾಗಿ ಮಾಡುತ್ತೇನೆ, ಪ್ರತಿ ಸಲ ಟೆಸ್ಟ್ ಓಡಿಸುತ್ತೇನೆ.

ಇಷ್ಟು ಮಾಡಿದರೂ ಎಲ್ಲವನ್ನೂ ತಡೆಯಲಾಗುವುದಿಲ್ಲ. ಎಕ್ಸ್‌ಝಡ್ ಎಂಬ ಕಂಪ್ರೆಷನ್ ಸಾಧನವನ್ನು ದಣಿದಿದ್ದ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಸಹಾಯಕ್ಕೆ ಅಂತ ಬಂದ ಅಪರಿಚಿತ ವ್ಯಕ್ತಿ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಟ್ಟಾಗಿ ಒಳನುಗ್ಗಲು ಹಿತ್ತಲ ಬಾಗಿಲು ಇಟ್ಟುಬಿಟ್ಟರು. ದೂರದ ಕಂಪ್ಯೂಟರ್‌ಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಬೆನ್ನುಹತ್ತಿದ ಪ್ರೋಗ್ರಾಮರ್ ಆಂಡ್ರೆಸ್ ಫ್ರಾಯಿಂಡ್ 2024ರ ಮಾರ್ಚ್ 29ರಂದು ಅದನ್ನು ಜಗತ್ತಿಗೆ ತಿಳಿಸಿದರು. ನಾವು ದಿನಾ ಬಳಸುವ ಪ್ಯಾಕೇಜ್‌ಗಳ ಹಿಂದೆ ಹೀಗೆ ಒಂಟಿಯಾಗಿ ದುಡಿಯುವವರು ಎಷ್ಟು ಜನ ಇದ್ದಾರೋ. ಹಣ ಕೊಡಲು ಆದರೆ ಕೊಡಿ. ಆಗದಿದ್ದರೆ ದೋಷವನ್ನು ಬಿಡಿಸಿ ಬರೆದು ಕಳಿಸಿ, ಅದೂ ದೊಡ್ಡ ಸಹಾಯವೇ.

ಕಳೆದ ವಾರ ನನ್ನ ಒಂದು ಹಳೆಯ ಪ್ರಾಜೆಕ್ಟ್ ತೆರೆದು ಡಿಪೆಂಡೆನ್ಸಿಗಳ, ಅಂದರೆ ಅದು ನೆಚ್ಚಿಕೊಂಡಿರುವ ಪ್ಯಾಕೇಜ್‌ಗಳ, ಪೂರ್ತಿ ಮರವನ್ನು ಪರದೆಯ ಮೇಲೆ ತಂದು ನೋಡಿದೆ. ನಾನೇ ಸೇರಿಸಿದ್ದ ನಾಲ್ಕು ಪ್ಯಾಕೇಜ್‌ಗಳನ್ನು ಕೋಡ್‌ನ ಯಾವ ಸಾಲೂ ಬಳಸುತ್ತಿರಲಿಲ್ಲ. ಅವನ್ನು ತೆಗೆದೆ. ಅವುಗಳ ಬೆನ್ನಿಗೆ ಬಂದಿದ್ದ ಮೂವತ್ತು ಚಿಲ್ಲರೆ ಹೆಸರುಗಳೂ ಹೋದವು. ಟೆಸ್ಟ್‌ಗಳೆಲ್ಲ ಪಾಸಾದವು. ಈ ವಾರ ಇನ್ನೊಂದು ಪ್ರಾಜೆಕ್ಟ್ ತೆರೆಯುತ್ತಿದ್ದೇನೆ.

ನಮಸ್ಕಾರ.