ಪರ್ಸೆಂಟೇಜ್ ಪುಟ ಪಕ್ಕಕ್ಕಿಡಿ, ಎಳೆಗಳನ್ನು ಹಿಡಿಯಿರಿ

ನಮಸ್ಕಾರ. ಡಿಎನ್‌ಎ ಟೆಸ್ಟ್ ರಿಪೋರ್ಟ್ ಬಂದ ಕೂಡಲೇ ಎಲ್ಲರೂ ಮೊದಲು ತೆರೆಯೋದು ಪರ್ಸೆಂಟೇಜ್ ಪುಟ. ದಕ್ಷಿಣ ಭಾರತ ಇಷ್ಟು, ಮಧ್ಯ ಏಷ್ಯಾ ಮೂರು ಪರ್ಸೆಂಟು ಅಂತ ಇದ್ದರೆ ಸಾಕು, ಆ ಮೂರು ಪರ್ಸೆಂಟಿನ ಮೇಲೆ ಇಡೀ ಕುಲದ ಕಥೆ ಕಟ್ಟಿಬಿಡ್ತಾರೆ. ಸಾವಿರಾರು ವರ್ಷ ಹಿಂದಿನದು ತಿಳೀಬೇಕು ಅನ್ನೋರಿಗೆ ನಾನು ಹೇಳೋದು ಒಂದೇ: ಆ ಪುಟಕ್ಕಾಗಿ ದುಡ್ಡು ಕೊಡಬೇಡಿ.

ಕಾರಣ ಕೇಳಿ. ಜೀನೋಮಿನಲ್ಲಿ, ಅಂದರೆ ನಮ್ಮ ಇಡೀ ಡಿಎನ್‌ಎಯಲ್ಲಿ, ಸುಮಾರು 300 ಕೋಟಿ ಅಕ್ಷರ. ಈ ಟೆಸ್ಟುಗಳ ಚಿಪ್ ಓದೋದು ಆರೇಳು ಲಕ್ಷ ಜಾಗ ಮಾತ್ರ. ಅದನ್ನು ಕಂಪನಿ ಹೋಲಿಸೋದು ಇವತ್ತು ಬದುಕಿರೋ ಜನರ ಸ್ಯಾಂಪಲ್‌ಗಳ ಜೊತೆ. ಹಾಗಾಗಿ ಆ ಅಂಕಿ ಹೇಳೋದು ನೀವು ಈಗಿನ ಯಾವ ಜನರನ್ನು ಹೋಲ್ತೀರಿ ಅನ್ನೋದನ್ನ. ಕಂಪನಿ ಕೊಡೋ ನಿಮ್ಮ ಡಿಎನ್‌ಎ ಫೈಲನ್ನೇ ಇನ್ನೊಂದು ಕಂಪನಿಗೆ ಹಾಕಿ ನೋಡಿ, ಬೇರೆ ಅಂಕಿ ಬರುತ್ತೆ. ನಿಮ್ಮ ಡಿಎನ್‌ಎ ಹಾಗೇ ಇದೆ, ಹೋಲಿಕೆಗೆ ಇಟ್ಟುಕೊಂಡ ಜನ ಬೇರೆ, ಅಷ್ಟೇ.

ಹಳೆಯ ಕಾಲಕ್ಕೆ ನೇರವಾಗಿ ಹೋಗೋ ಎಳೆಗಳು ಎರಡು. ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಬರುತ್ತೆ. ಮೈಟೊಕಾಂಡ್ರಿಯದ ಡಿಎನ್‌ಎ, ಬರೀ 16,569 ಅಕ್ಷರದ್ದು, ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತೆ. ಗೋತ್ರ ಸಾಗೋ ದಾರಿ ಮೊದಲನೆಯದು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ 'ಬಳಿ' (ತಾಯಿಯ ಕಡೆಯಿಂದ ಬರೋ ಕುಲ) ಸಾಗೋ ದಾರಿ ಎರಡನೆಯದು. ಎರಡನ್ನೂ ಪೂರ್ತಿ ಸೀಕ್ವೆನ್ಸ್ ಮಾಡಿಸಿ, ಅಂದರೆ ಅಕ್ಷರಗಳನ್ನು ಸಾಲಾಗಿ ಓದಿಸಿ. ಚಿಪ್‌ನಲ್ಲಿ ನೋಡಿದರೆ ಹ್ಯಾಪ್ಲೋಗ್ರೂಪ್ (ಒಂದೇ ಪೂರ್ವಜರಿಂದ ಕವಲೊಡೆದ ಎಳೆಗಳ ಗುಂಪು) 'ಎಂ' ಅಂತ ಬಂದು ನಿಲ್ಲಬಹುದು. ಅರ್ಧಕ್ಕಿಂತ ಹೆಚ್ಚು ಭಾರತೀಯರ ತಾಯಿ ಎಳೆ ಅದೇ ದೊಡ್ಡ ಕವಲಿನದು, ಅಷ್ಟರಿಂದ ಏನೂ ತಿಳಿಯಲ್ಲ. ಅಪ್ಪನ ಎಳೆಯ 'ಆರ್1ಎ' ಗುಂಪಿನ ಕಥೆಯೂ ಹಾಗೇ. ಅಷ್ಟನ್ನೇ ನೋಡಿ ಪೂರ್ವ ಯುರೋಪಿನವರ ಜೊತೆ ನಂಟು ಹಾಕ್ತಾರೆ. ಅಲ್ಲಿ ಹೆಚ್ಚಾಗಿರೋದು ಝೆಡ್282 ಕವಲು, ನಮ್ಮಲ್ಲಿರೋದು ಝೆಡ್93. ಇವೆರಡೂ ಬೇರೆಯಾಗಿ ಐದಾರು ಸಾವಿರ ವರ್ಷ ಆಗಿದೆ.

ಆದರೆ ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಿಮ್ಮ ಮರದಲ್ಲಿ 1,024 ಸ್ಥಾನ ಇರುತ್ತೆ. ಈ ಎರಡು ಎಳೆ ಮುಟ್ಟೋದು ಅದರಲ್ಲಿ ಇಬ್ಬರನ್ನ. ಅಪ್ಪನ ಎಳೆ ಝೆಡ್93, ಅಮ್ಮನ ಎಳೆ ಎಂ, ಒಬ್ಬನೇ ಮನುಷ್ಯನಲ್ಲಿ ಎರಡೂ ನಿಜ. ಹೀಗಿರುವಾಗ ಹ್ಯಾಪ್ಲೋಗ್ರೂಪ್ ತೋರಿಸಿ 'ನಾವು ಮೂಲದವರು, ನೀವು ಹೊರಗಿನವರು' ಅನ್ನೋದು ಸುಳ್ಳು. ನನಗೆ ಇದು ಸಿಟ್ಟು ಬರಿಸೋ ಸುಳ್ಳು, ಯಾಕಂದರೆ ವಿಜ್ಞಾನದ ಹೆಸರಲ್ಲಿ ಹೇಳ್ತಾರೆ.

ಮಿಕ್ಕ 1,022 ಸ್ಥಾನದ ಕಥೆ ಉಳಿದ 22 ಜೊತೆ ಕ್ರೋಮೋಸೋಮ್‌ಗಳಲ್ಲಿದೆ. ಅಲ್ಲಿ ನೋಡಬೇಕಾದ್ದು ಡಿಎನ್‌ಎ ತುಂಡುಗಳ ಉದ್ದ. ಎರಡು ಬೇರೆ ಬೇರೆ ಜನ ಬೆರೆತಾಗ ಮೊದಲು ತುಂಡುಗಳು ಉದ್ದ ಇರ್ತವೆ, ತಲೆಮಾರು ತಲೆಮಾರಿಗೂ ಕತ್ತರಿಸಿ ಗಿಡ್ಡ ಆಗ್ತವೆ. ಉತ್ತರ ಕನ್ನಡದ ಸಿದ್ದಿಯರಲ್ಲಿ ಆಫ್ರಿಕಾ ಮೂಲದ ತುಂಡುಗಳು ಇನ್ನೂ ಉದ್ದ ಇವೆ. ಅದನ್ನು ಅಳೆದೇ ಬೆರಕೆಯಾಗಿ ಸುಮಾರು 200 ವರ್ಷ ಅಂತ 2011ರಲ್ಲಿ ಲೆಕ್ಕ ಹಾಕಿದರು. 2013ರಲ್ಲಿ ಇದೇ ತತ್ವದ ಮೇಲೆ ದೇಶದ ಹತ್ತಾರು ಸಮುದಾಯಗಳನ್ನು ನೋಡಿದಾಗ, ಈಗಿನಿಂದ 4,200ರಿಂದ 1,900 ವರ್ಷ ಹಿಂದಿನ ಅವಧಿಯಲ್ಲಿ ದೊಡ್ಡ ಬೆರಕೆ ನಡೆದಿದ್ದು ಕಂಡಿತು. ಮೇಲ್ಜಾತಿ, ಕೆಳಜಾತಿ, ಕಾಡಿನ ಜನ, ಬಹುತೇಕ ಯಾರೂ ಅದರಿಂದ ಹೊರಗಿಲ್ಲ. ಒಳಗೊಳಗೇ ಮದುವೆ ಬಿಗಿಯಾಗಿದ್ದು ಆಮೇಲೆ.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ಮೂಳೆ ಬೇಕು. ನಮ್ಮ ಬಿಸಿಲು, ತೇವ ಡಿಎನ್‌ಎಯನ್ನು ಪುಡಿ ಮಾಡಿಬಿಡುತ್ತೆ. ಹರಿಯಾಣದಲ್ಲಿರೋ ಸಿಂಧೂ ನಾಗರಿಕತೆಯ ಊರು ರಾಖಿಗಢಿಯಲ್ಲಿ 61 ಮೂಳೆ ಮಾದರಿ ಪರೀಕ್ಷಿಸಿ ಕೊನೆಗೆ ಕೆಲಸಕ್ಕೆ ಬಂದಿದ್ದು ಒಬ್ಬ ಹೆಂಗಸಿನದು. 2019ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಇರಾನಿನ ಕಡೆಯವರಿಗೆ ಹತ್ತಿರದ ಪಾಲು ಇತ್ತು, ಅಂಡಮಾನಿನವರಿಗೆ ದೂರದ ನಂಟಿನ ಬೇಟೆಗಾರರ ಪಾಲಿತ್ತು. ಯುರೇಷ್ಯಾದ ಹುಲ್ಲುಗಾವಲಿನ (ಸ್ಟೆಪ್) ಪಶುಪಾಲಕರ ಪಾಲು ಇರಲಿಲ್ಲ. ಅದು ಇಲ್ಲಿಗೆ ಬಂದಿದ್ದು ಕ್ರಿ.ಪೂ. 2000ದಿಂದ 1500ರ ನಡುವೆ ಅಂತ ಅದೇ ವರ್ಷ 523 ಪ್ರಾಚೀನ ಜೀನೋಮ್‌ಗಳ ಅಧ್ಯಯನ ಹೇಳಿತು. ಬದುಕಿರೋರ ಡಿಎನ್‌ಎಯಿಂದಲೂ ಸ್ವಲ್ಪ ದಾರಿ ಸಿಗುತ್ತೆ. ಕರಾವಳಿಯ ಕೊರಗರಲ್ಲಿ ಸುಮಾರು 4,400 ವರ್ಷ ಹಳೆಯ ಪಾಲೊಂದನ್ನು ಮಂಗಳೂರಿನ ಸಂಶೋಧಕರಿದ್ದ ತಂಡ ಗುರುತಿಸಿದೆ.

ರಿಪೋರ್ಟಿನ ಸಂಬಂಧಿಕರ ಪಟ್ಟಿಯನ್ನೂ ನಂಬಿಬಿಡಬೇಡಿ. ಸಮುದಾಯದೊಳಗೇ ತಲೆಮಾರುಗಟ್ಟಲೆ ಮದುವೆ ಆಗಿರೋದರಿಂದ ಚಿಕ್ಕ ತುಂಡುಗಳು ಹತ್ತಾರು ಕಡೆಯಿಂದ ಕೂಡಿಕೊಂಡು, ದೂರದವರು ಹತ್ತಿರದ ನಂಟರ ಹಾಗೆ ಕಾಣ್ತಾರೆ. ಇಬ್ಬರಲ್ಲೂ ಇರೋ ತುಂಡುಗಳ ಒಟ್ಟು ಮೊತ್ತ ಬಿಟ್ಟು ಅತಿ ಉದ್ದದ ತುಂಡು ನೋಡಿ. ಏಳು ಸೆಂಟಿಮಾರ್ಗನ್‌ಗಿಂತ (ತುಂಡಿನ ಉದ್ದ ಅಳೆಯೋ ಮಾನ) ಚಿಕ್ಕದನ್ನು ಲೆಕ್ಕಕ್ಕೇ ತಗೋಬೇಡಿ.

ಸ್ಯಾಂಪಲ್ ಕೊಡುವಾಗ ಅರ್ಧ ಗಂಟೆ ಮೊದಲಿಂದ ಊಟ, ಕಾಫಿ, ಎಲೆಅಡಿಕೆ, ಸಿಗರೇಟು ಬೇಡ. ಕಿಟ್‌ನ ಕೊಳವೆಯಲ್ಲಿ ಗೆರೆವರೆಗೆ ತುಂಬಬೇಕಾದ್ದು ಜೊಲ್ಲು, ನೊರೆ ಲೆಕ್ಕಕ್ಕಿಲ್ಲ. ಬಾಯಿ ಒಣಗೋ ವಯಸ್ಸಿನವರಿಗೆ ಕೆನ್ನೆಯೊಳಗೆ ಉಜ್ಜೋ ಕಡ್ಡಿಯ ಕಿಟ್ ತರಿಸಿ. ನಿಮ್ಮ ಡಿಎನ್‌ಎಯ ಕಚ್ಚಾ ಫೈಲ್ ಇಳಿಸಿಕೊಂಡ ಮೇಲೆ ಸ್ಯಾಂಪಲ್ ನಾಶ ಮಾಡೋಕೆ ಬರೆದು ತಿಳಿಸಿ. ಅಮೆರಿಕದ ಡಿಎನ್‌ಎ ಟೆಸ್ಟ್ ಕಂಪನಿ 23ಆಂಡ್‌ಮಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತ್ತು, 2025ರ ಮಾರ್ಚ್‌ನಲ್ಲಿ ಅದು ದಿವಾಳಿ ಅರ್ಜಿಯನ್ನೂ ಹಾಕಿತು.

ಮನೆಯಲ್ಲಿ ಯಾರದ್ದು ಮಾಡಿಸಬೇಕು ಅನ್ನೋದನ್ನೂ ಯೋಚಿಸಿ. ಹೆಣ್ಣುಮಕ್ಕಳಲ್ಲಿ ವೈ ಇರಲ್ಲ. ಅಪ್ಪ, ಅಣ್ಣತಮ್ಮ ಇಲ್ಲದಿದ್ದರೆ ಅಪ್ಪನ ಒಡಹುಟ್ಟಿದ ದೊಡ್ಡಪ್ಪ, ಚಿಕ್ಕಪ್ಪನ ಮಗನನ್ನು ಕೇಳಿ. ಸೋದರತ್ತೆಯ (ಅಪ್ಪನ ಅಕ್ಕತಂಗಿಯ) ಮಗನ ವೈ ಅವರಪ್ಪನದು, ಆಗಲ್ಲ. ಆದರೆ ಅಪ್ಪನ ತಾಯಿಯ ಎಳೆ ಬೇಕಾದರೆ ಅತ್ತೆ, ಅತ್ತೆಯ ಮಕ್ಕಳು ಯಾರಾದರೂ ಸರಿ. ನಿಮ್ಮಪ್ಪ ತನ್ನ ಒಡಹುಟ್ಟಿದ ಅಕ್ಕನ ಮಗಳನ್ನೇ ಮದುವೆಯಾಗಿದ್ದರೆ ಅಮ್ಮನ ಎಳೆ, ಅಪ್ಪನ ತಾಯಿಯ ಎಳೆ ಎರಡೂ ಒಂದೇ. ಆಗ ನಿಮ್ಮದೊಂದೇ ಮೈಟೊಕಾಂಡ್ರಿಯ ಟೆಸ್ಟ್ ಸಾಕು.